ಹೇಯ್ಸ್ ಫೀಲರ್ ಗೇಜ್: ಕ್ಯಾಲಿಪರನ್ನು ನಡುವಿಗೆ ತರುತ್ತದೆ, ಸೊಟ್ಟ ಕೂತಿದ್ದನ್ನು ನೆಟ್ಟಗೆ ಮಾಡುವುದಿಲ್ಲ

ಪುಣೆಯಲ್ಲಿ ಕಾರ್ಬನ್ ಫ್ರೇಮ್ ತರಿಸಿ ತಾವೇ ಬೈಕ್ ಜೋಡಿಸುವ ನಮ್ಮ ಕನ್ನಡದ ಸೈಕಲ್ ಮಂದಿಯ ದೂರು ಬಹುತೇಕ ಒಂದೇ: ಡಿಸ್ಕ್ ಬ್ರೇಕ್ ಎಷ್ಟು ಸಲ ಸೆಟ್ ಮಾಡಿದರೂ ರೋಟರ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಉಜ್ಜುವ ಸದ್ದು ಹೋಗುವುದಿಲ್ಲ. ಅದಕ್ಕೆ ಮದ್ದು ಅಂತ ಎಲ್ಲರೂ ಸೂಚಿಸುವ ಸಾಮಾನು ಅಮೆರಿಕದ ಹೇಯ್ಸ್ ಕಂಪನಿಯ ಫೀಲರ್ ಗೇಜ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ತೆಳ್ಳನೆಯ ಎರಡು ಸ್ಟೀಲ್ ಎಲೆಗಳು, ರೋಟರಿನ ಎರಡೂ ಬದಿಗೆ ಒಂದೊಂದು ಬರುವ ಹಾಗೆ. ಒಳ್ಳೆಯ ಸಾಮಾನೇ. ಆದರೆ ಅದು ಯಾವ ರೋಗಕ್ಕೆ ಮದ್ದು, ಯಾವುದಕ್ಕಲ್ಲ ಅಂತ ತಿಳಿಯದೆ ಕೊಂಡರೆ ದುಡ್ಡು ದಂಡ.

ಕ್ಯಾಲಿಪರ್, ಅಂದರೆ ಪ್ಯಾಡ್‌ಗಳಿಂದ ರೋಟರನ್ನು ಎರಡೂ ಬದಿಯಿಂದ ಅದುಮುವ ಭಾಗ, ತಪ್ಪಾಗಿ ಕೂರುವುದರಲ್ಲಿ ಮೂರು ಬಗೆ. ಇಡೀ ಕ್ಯಾಲಿಪರ್ ಎಡಕ್ಕೋ ಬಲಕ್ಕೋ ಸರಿದಿರಬಹುದು. ಮೇಲಿಂದ ನೋಡಿದಾಗ ಮೂತಿ ಒಂದು ಕಡೆಗೆ ತಿರುಗಿರಬಹುದು. ಅಥವಾ ಹಿಂದಿನಿಂದ ನೋಡಿದಾಗ ಕ್ಯಾಲಿಪರ್ ಒಂದು ಪಕ್ಕಕ್ಕೆ ವಾಲಿರಬಹುದು. ಮೊದಲಿನ ಎರಡಕ್ಕೆ ಬೋಲ್ಟ್ ತೂತಿನಲ್ಲಿರುವ ಸಡಿಲ ಸಾಕು, ಹೇಯ್ಸ್ ಎಲೆ ಅವನ್ನು ಸರಿ ಮಾಡುತ್ತದೆ. ಮೂರನೆಯದು ಫ್ರೇಮಿನ ದೋಷ. ಕ್ಯಾಲಿಪರ್ ಕೂರುವ ಮುಖ ಆಕ್ಸಲ್‌ಗೆ ಸಮಾನಾಂತರವಾಗಿ ಇಲ್ಲದಿದ್ದರೆ ಯಾವ ಎಲೆಯೂ ಏನೂ ಮಾಡಲಾರದು.

ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದೆ. ಪ್ಯಾಡಿಗೂ ರೋಟರಿಗೂ ನಡುವೆ ಒಂದೊಂದು ಬದಿಗೆ ಇರುವ ಜಾಗವೇ 0.3 ಮಿ.ಮೀ. ಆಸುಪಾಸು. ಕೂರುವ ಮುಖದ ಅಗಲ 20 ಮಿ.ಮೀ. ಅಂತಿಟ್ಟುಕೊಳ್ಳಿ. ಅದರ ಒಂದು ಅಂಚು 0.1 ಮಿ.ಮೀ. ತಗ್ಗಿದ್ದರೂ ಸುಮಾರು ಅಷ್ಟೇ ಎತ್ತರದ ಪ್ಯಾಡಿನ ಮೇಲ್ತುದಿಗೂ ಕೆಳತುದಿಗೂ 0.1 ಮಿ.ಮೀ. ವ್ಯತ್ಯಾಸ ಬಂತು, ಇದ್ದ ಜಾಗದಲ್ಲಿ ಮೂರನೇ ಒಂದು ಪಾಲು ಹೋಯಿತು. ಕಾರ್ಬನ್ ಫ್ರೇಮಿನಲ್ಲಿ 0.1 ಮಿ.ಮೀ. ಏಳುವುದಕ್ಕೆ ದೊಡ್ಡ ಕಾರಣವೇ ಬೇಕಿಲ್ಲ. ಮೌಂಟಿನ (ಕ್ಯಾಲಿಪರ್ ಕೂರುವ ಜಾಗದ) ಮೇಲೆ ಬಿದ್ದ ಪೇಂಟ್, ಕ್ಲಿಯರ್ ಕೋಟಿನ ಅಂಚಿನಲ್ಲಿ ಕಟ್ಟಿದ ದಿಂಡು, ಅಚ್ಚಿನಿಂದ ಉಳಿದ ರೆಸಿನ್ ಗಂಟು, ಇವುಗಳಲ್ಲಿ ಯಾವುದೊಂದಿದ್ದರೂ ಸಾಕು.

ಹಾಗಾಗಿ ಹೇಯ್ಸ್ ಎಲೆಗೆ ಮೊದಲು ಕೊಳ್ಳಬೇಕಾದ್ದು ಮೋಟಾರ್‌ಸೈಕಲ್ ಮೆಕ್ಯಾನಿಕ್‌ಗಳು ಎಂಜಿನ್ ಟ್ಯಾಪೆಟ್ ಸೆಟ್ ಮಾಡಲು ಬಳಸುವ ಮಾಮೂಲಿ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ಸ್ಟೀಲ್ ಎಲೆಗಳ ಕಟ್ಟು. ರವಿವಾರ್ ಪೇಟೆಯ ಬೋಹ್ರಿ ಆಳಿಯಲ್ಲಿ ಹಾರ್ಡ್‌ವೇರ್ ಅಂಗಡಿಗಳು ಸಾಲುಸಾಲು, ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕಟ್ಟಿನಲ್ಲಿ 0.05 ಮಿ.ಮೀ. ಎಲೆ ಇದೆಯೇ ಅಂತ ಅಲ್ಲೇ ಬಿಚ್ಚಿ ನೋಡಿ. ಕೆಲವು ಕಟ್ಟು 0.10ರಿಂದಲೇ ಶುರುವಾಗುತ್ತವೆ, ಅವು ಈ ಕೆಲಸಕ್ಕೆ ದಪ್ಪ.

ಎರಡೂ ಗೇಜ್ ಮುಟ್ಟುವ ಮುಂಚೆ ಚಕ್ರದ ಕಡೆ ಕೆಲಸ ಮುಗಿದಿರಬೇಕು. ಸೆಂಟರ್‌ಲಾಕ್ ರೋಟರ್ (ನಡುವೆ ಒಂದೇ ಬಳೆಯಿಂದ ಹಿಡಿಯುವಂಥದು) ಆದರೆ ಆ ಬಳೆಯನ್ನು, ಅಂದರೆ ಲಾಕ್‌ರಿಂಗನ್ನು, 40 ನ್ಯೂಟನ್ ಮೀಟರಿಗೆ ಬಿಗಿದಿರಬೇಕು. ಆರು ಬೋಲ್ಟಿನದಾದರೆ ಟಿ25 (ನಕ್ಷತ್ರಾಕಾರದ) ಬಿಟ್ಟಿನಿಂದ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಬ್ರೇಕ್ ತಯಾರಿಸುವ ಜಪಾನಿನ ಶಿಮಾನೋ ಕಂಪನಿ ಹೇಳುವ ಬಿಗಿ 2ರಿಂದ 4 ನ್ಯೂಟನ್ ಮೀಟರ್. ಡ್ರಾಪ್‌ಔಟ್ (ಫ್ರೇಮಿನಲ್ಲಿ ಆಕ್ಸಲ್ ಕೂರುವ ತುದಿ) ಒಳಮುಖದಲ್ಲಿ ಪೇಂಟಿನ ಚೂರು ಸಿಕ್ಕಿಕೊಂಡಿದ್ದರೆ ಹಬ್ (ಚಕ್ರದ ನಡುಭಾಗ) ಪ್ರತಿ ಸಲವೂ ಬೇರೆ ಬೇರೆ ಕಡೆ ಕೂರುತ್ತದೆ. ಥ್ರೂ ಆಕ್ಸಲ್‌ಗೆ (ಹಬ್ ಮೂಲಕ ತೂರಿ ಫ್ರೇಮಿಗೆ ಬಿಗಿಯುವ ದಂಡಕ್ಕೆ) ಫ್ರೇಮ್ ಕಂಪನಿ ಹೇಳಿದ ಬಿಗಿಯನ್ನೇ ಕೊಡಿ. ಒಂದು ಸಲ ಕೈಯಳತೆ, ಇನ್ನೊಂದು ಸಲ ಟಾರ್ಕ್ ರೆಂಚ್ ಅಂತ ಮಾಡಿದರೆ ಹಿಂದಿನ ದಿನದ ಸೆಟ್ಟಿಂಗ್ ಮರುದಿನ ಇರುವುದಿಲ್ಲ. 12 ಮಿ.ಮೀ. ಆಕ್ಸಲ್‌ಗಳಲ್ಲಿ 1.0, 1.5, 1.75 ಮಿ.ಮೀ. ಅಂತ ಮೂರು ಬಗೆಯ ಮರೆ (ಸ್ಕ್ರೂ ಥ್ರೆಡ್) ಇದೆ. ಫ್ರೇಮಿನ ಜೊತೆ ಬಂದದ್ದು ಕಳೆದುಹೋಗಿ ಬೇರೆ ಹಾಕಿದ್ದರೆ ಮರೆ ಹೊಂದುತ್ತದೆಯೇ ನೋಡಿಕೊಳ್ಳಿ. ಬಲವಂತವಾಗಿ ತಿರುಗಿಸಿದರೆ ಕೆಡುವುದು ಆಕ್ಸಲ್ ಅಲ್ಲ, ಫ್ರೇಮಿನ ಒಳಮರೆ.

ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್‌ಗಳೂ ಸಮ ಇರಬೇಕು. ಮಳೆಗಾಲದ ನಾಲ್ಕು ತಿಂಗಳು ಪುಣೆಯ ರಸ್ತೆಯ ಕೆಸರು ಪಿಸ್ಟನ್ ಸುತ್ತ ಗಟ್ಟಿಯಾಗಿ ಒಂದು ಸೋಮಾರಿಯಾಗುತ್ತದೆ, ಇನ್ನೊಂದೇ ಮುಂದೆ ಬರುತ್ತದೆ. ಪ್ಯಾಡ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ ಪಿಸ್ಟನ್ ಬದಿ ಒರೆಸಿ. ಶಿಮಾನೋ ಆದರೆ ಮಿನರಲ್ ಆಯಿಲನ್ನು ಒಂದೇ ತೊಟ್ಟು ಸವರಿ, ಪ್ಲಾಸ್ಟಿಕ್ ಟೈರ್ ಲಿವರಿನಿಂದ ಹಿಂದಕ್ಕೆ ತಳ್ಳಿ. ಡಾಟ್ ಆಯಿಲ್ ಬಳಸುವ ಬ್ರೇಕಿಗೆ ಮಿನರಲ್ ಆಯಿಲ್ ಮುಟ್ಟಿಸಲೇಬೇಡಿ, ಸೀಲ್ ಊದಿಕೊಳ್ಳುತ್ತದೆ. ಪಿಸ್ಟನ್ ಸೋಮಾರಿಯಾಗಿರುವಾಗ ಹೇಯ್ಸ್ ಎಲೆ ಹಾಕಿದರೆ ಅದು ಸುಳ್ಳು ನಡುವನ್ನು ತೋರಿಸುತ್ತದೆ. ಈ ಸಾಮಾನಿನ ಬಗ್ಗೆ ಕೇಳಿಬರುವ ಅರ್ಧ ದೂರುಗಳ ಮೂಲ ಇದೇ.

ಹಿಂದಿನ ಫ್ಲಾಟ್ ಮೌಂಟಿನಲ್ಲಿ (ಕ್ಯಾಲಿಪರ್ ಫ್ರೇಮಿನ ಮೇಲೆ ಚಪ್ಪಟೆಯಾಗಿ ಕೂರುವ ಬಗೆ) ಬೋಲ್ಟ್ ಉದ್ದದ ಪಿತೂರಿ ಬೇರೆ. ಬೋಲ್ಟುಗಳು ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಕೆಳಗಿನಿಂದ ತೂರಿ ಬಂದು ಕ್ಯಾಲಿಪರಿನ ಮರೆಗೆ ಹಿಡಿಯುತ್ತವೆ. ಚೈನ್‌ಸ್ಟೇ ದಪ್ಪ 10 ಮಿ.ಮೀ. ಇರಬಹುದು, 25 ಇರಬಹುದು, ಅದಕ್ಕೆ ತಕ್ಕ ಹಾಗೆ ಬೋಲ್ಟ್ ಬದಲಾಗುತ್ತದೆ. ಶಿಮಾನೋ ಲೆಕ್ಕದಲ್ಲಿ ಬೋಲ್ಟ್ ತೂರಿಸಿದಾಗ ಮೇಲೆ 13 ಮಿ.ಮೀ. ಹೊರಗೆ ಕಾಣಬೇಕು. ಉದ್ದ ಹೆಚ್ಚಾದರೆ ಬೋಲ್ಟ್ ಮರೆಯ ತಳ ಮುಟ್ಟಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಟಕ್ ಅಂತ ಸದ್ದು ಕೊಡುತ್ತದೆ, ಆದರೆ ಕ್ಯಾಲಿಪರ್ ಕೆಳಗೆ ಒತ್ತಿರುವುದೇ ಇಲ್ಲ. ಉದ್ದ ಕಡಿಮೆಯಾದರೆ ಅಪಾಯ ಬೇರೆ, ಮರೆ ಕಿತ್ತು ಬರುತ್ತದೆ. ವರ್ನಿಯರ್ ಹಿಡಿದು ಅಳೆಯಲು ಎರಡು ನಿಮಿಷವೂ ಬೇಡ.

ಈಗ ಮುಖ್ಯ ಪರೀಕ್ಷೆ. ಚಕ್ರ ಹಾಕಿ. ಕ್ಯಾಲಿಪರ್ ಬೋಲ್ಟುಗಳನ್ನು ಬೆರಳಲ್ಲಿ ಮಾತ್ರ ತಿರುಗಿಸಿ ತಳ ಮುಖಕ್ಕೆ ಮುಟ್ಟುವ ತನಕ ತನ್ನಿ, ಅಷ್ಟೇ. ಬ್ರೇಕ್ ಲಿವರ್ ಒತ್ತಿ ರಬ್ಬರ್ ಬ್ಯಾಂಡಿನಿಂದ ಕಟ್ಟಿಬಿಡಿ. ಈಗ ಕ್ಯಾಲಿಪರ್ ರೋಟರನ್ನು ಕಚ್ಚಿಕೊಂಡು ರೋಟರಿಗೆ ನೇರವಾಗಿ ನಿಂತಿದೆ, ಫ್ರೇಮ್ ಹೇಳಿದ ಹಾಗೆ ಅಲ್ಲ. ಈ ಸ್ಥಿತಿಯಲ್ಲಿ ಕ್ಯಾಲಿಪರ್ ತಳಕ್ಕೂ ಮೌಂಟಿಗೂ ನಡುವೆ 0.05 ಎಲೆಯನ್ನು ತೂರಿಸಲು ನೋಡಿ: ಮುಂದಿನ ಬೋಲ್ಟ್ ಹತ್ತಿರ ಒಳಗಿನಿಂದ, ಹೊರಗಿನಿಂದ, ಹಿಂದಿನ ಬೋಲ್ಟ್ ಹತ್ತಿರವೂ ಹಾಗೆಯೇ. ಎಲ್ಲೂ ಹೋಗದಿದ್ದರೆ ಫ್ರೇಮ್ ಸರಿಯಿದೆ. ಎರಡೂ ಬೋಲ್ಟುಗಳ ಬಳಿ ಒಳಗಿನಿಂದ ಮಾತ್ರ 0.10 ಎಲೆ ಸರಕ್ಕನೆ ಜಾರಿ ಹೋಗುತ್ತಿದ್ದರೆ ಮುಖ ಒಳಕ್ಕೆ ವಾಲಿದೆ. ಒಂದು ಬೋಲ್ಟಿನ ಬಳಿ ಸುತ್ತಲೂ ಹೋಗಿ ಇನ್ನೊಂದರ ಬಳಿ ಎಲ್ಲೂ ಹೋಗದಿದ್ದರೆ ಎರಡು ಮುಖಗಳ ಎತ್ತರವೇ ಬೇರೆ. ಈ ಎರಡನೆಯದನ್ನು ಪತ್ತೆ ಹಚ್ಚಲು ಇನ್ನೊಂದು ಸುಳಿವೂ ಇದೆ: ಲಿವರ್ ಬಿಟ್ಟು ಒಂದು ಬೋಲ್ಟನ್ನು ಬಿಗಿದಾಗ ಇನ್ನೊಂದು ತುದಿ ಏಳುತ್ತದೆ, ಬಿಳಿ ಗೋಡೆಯ ಎದುರು ನೋಡಿದರೆ ಬೆಳಕಿನ ಗೆರೆ ಕಾಣುತ್ತದೆ.

ಮುಂದಿನ ಬ್ರೇಕಿನಲ್ಲಿ ಕ್ಯಾಲಿಪರಿಗೂ ಫೋರ್ಕಿಗೂ ನಡುವೆ ಒಂದು ಪ್ಲೇಟ್ ಬರುತ್ತದೆ. 140 ಅಥವಾ 160 ಮಿ.ಮೀ. ರೋಟರಿಗೆ ತಿರುಗಿಸಿ ಹಾಕುವುದು ಅದನ್ನೇ. ಹಾಗಾಗಿ ಅಲ್ಲಿ ಪ್ಲೇಟಿನ ಮೇಲೊಮ್ಮೆ, ಕೆಳಗೊಮ್ಮೆ ಪರೀಕ್ಷೆ ಮಾಡಿ.

ಪರೀಕ್ಷೆಯಲ್ಲಿ ಫ್ರೇಮ್ ಪಾಸಾದರೆ ಹೇಯ್ಸ್ ಎಲೆ ನಿಜವಾಗಿ ಹೊಳೆಯುತ್ತದೆ. ಎಲೆಯನ್ನೂ ಮೊದಲು ಆಲ್ಕೊಹಾಲಿನಲ್ಲಿ ಒರೆಸಿ, ಅಂಗಡಿಯಿಂದ ಬಂದ ಎಣ್ಣೆ ಪಸೆ ಪ್ಯಾಡಿಗೆ ತಾಗಿದರೆ ಪ್ಯಾಡ್ ಕೆಟ್ಟಿತು. ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ರೋಟರಿನ ಮೇಲೆ ಎಲೆ ಇಟ್ಟು ಚಕ್ರ ತಿರುಗಿಸಿದರೆ ಎಲೆ ತಾನೇ ಕ್ಯಾಲಿಪರ್ ಒಳಗೆ ಹೋಗುತ್ತದೆ. ಲಿವರ್ ಕಟ್ಟಿ, ಎರಡು ಬೋಲ್ಟುಗಳನ್ನು ಪಾಳಿ ಪ್ರಕಾರ 2, 4, 6 ನ್ಯೂಟನ್ ಮೀಟರ್ ಅಂತ ಏರಿಸಿ. ಶಿಮಾನೋ ಫ್ಲಾಟ್ ಮೌಂಟಿಗೆ ಕೊನೆಯ ಬಿಗಿ 6ರಿಂದ 8. ಒಂದೇ ಏಟಿಗೆ ಬಿಗಿದರೆ ಬೋಲ್ಟ್ ಕ್ಯಾಲಿಪರನ್ನು ತನ್ನ ಜೊತೆ ಎಳೆದುಕೊಂಡು ತಿರುಗುತ್ತದೆ. ಲಿವರ್ ಬಿಟ್ಟು ಚಕ್ರವನ್ನು ಹಿಂದಕ್ಕೆ ತಿರುಗಿಸಿ ಎಲೆ ಹೊರಗೆ ತನ್ನಿ. ಬರೀ ಲಿವರ್ ಒತ್ತಿ ಬೋಲ್ಟ್ ಬಿಗಿಯುವ ಹಳೆಯ ಉಪಾಯಕ್ಕಿಂತ ಇದು ಖಂಡಿತ ಮೇಲು, ಎರಡೂ ಬದಿಗೆ ಸಮನಾದ ಜಾಗ ಕೈಯಲ್ಲಿ ಬರುತ್ತದೆ. ಎಲೆ ಬಾಗುವುದು ಇದರ ಕೊರತೆ. ಮೂಲೆ ಒಮ್ಮೆ ಮಡಚಿತೆಂದರೆ ಬಿಸಾಡುವುದೇ. ಟೂಲ್ ಬಾಕ್ಸಿನಲ್ಲಿ ಅಲೆನ್ ಕೀಗಳ ಮಧ್ಯೆ ಎಸೆಯುವವರಿಗೆ ಹೇಳಿ ಮಾಡಿಸಿದ್ದಲ್ಲ.

ಫ್ರೇಮ್ ಫೇಲಾದರೆ? ಮೊದಲು ಪೇಂಟ್ ನೋಡಿ. ಮೌಂಟ್ ಮುಖದ ಮೇಲೆ ಬಣ್ಣ ಹೊಳೆಯುತ್ತಿದ್ದರೆ ಅದನ್ನು ತೆಗೆದರೆ ಅರ್ಧ ಸಮಸ್ಯೆ ಮುಗಿಯಬಹುದು. ಬೆರಳಿಗೆ ಮರಳು ಕಾಗದ ಸುತ್ತಿ ಉಜ್ಜಬೇಡಿ. ಬೆರಳು ಮೆತ್ತಗಿರುವುದರಿಂದ ಅಂಚುಗಳು ಮೊದಲು ಸವೆದು ನಡು ಉಬ್ಬುತ್ತದೆ, ಕ್ಯಾಲಿಪರ್ ತೂಗುಯ್ಯಾಲೆಯ ಹಾಗೆ ಆಡತೊಡಗುತ್ತದೆ. ಚಪ್ಪಟೆ ಲೋಹದ ತುಂಡಿಗೆ 400 ನಂಬರಿನ ಕಾಗದ ಅಂಟಿಸಿ, ಎರಡೂ ಮುಖಗಳ ಮೇಲೆ ಒಟ್ಟಿಗೆ ಕೂರುವ ಹಾಗೆ ಎಳೆಯಿರಿ. ಕ್ಲಿಯರ್ ಕೋಟ್ ಹೋದ ಕೂಡಲೇ ನಿಲ್ಲಿಸಿ. ಮಾರ್ಕರ್ ಪೆನ್ನಿನಿಂದ ಮುಖಕ್ಕೆ ಗೀರು ಹಾಕಿಕೊಂಡರೆ ಎಲ್ಲಿ ಸವೆಯುತ್ತಿದೆ ಅಂತ ಕಾಣುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಕಾರ್ಬನ್ ಧೂಳನ್ನು ಒದ್ದೆ ಬಟ್ಟೆಯಿಂದ ಎತ್ತಿ, ಊದಬೇಡಿ. ಚಕ್ರ, ಪ್ಯಾಡ್ ಆ ಕೋಣೆಯಲ್ಲೇ ಬೇಡ.

ಅದಾದ ಮೇಲೂ ವಾಲಿದ್ದರೆ ಫೇಸಿಂಗ್ (ಮುಖವನ್ನು ಕಟ್ಟರಿನಿಂದ ಕೆತ್ತಿ ಸಮ ಮಾಡುವುದು) ಬೇಕು, ಅದಕ್ಕೆ ಸರಿಯಾದ ಕಟ್ಟರ್ ಇರುವ ವರ್ಕ್‌ಶಾಪಿಗೇ ಹೋಗಬೇಕು. ಅಂಗಡಿಯವರಿಗೆ ಮೊದಲು ಕೇಳಬೇಕಾದ ಪ್ರಶ್ನೆ: ಕಟ್ಟರ್ ಆಕ್ಸಲ್ ತೂತಿನ ಆಧಾರದ ಮೇಲೆ ನಿಲ್ಲುತ್ತದೆಯೇ? ಡ್ರಾಪ್‌ಔಟಿನಲ್ಲಿ ತೂರುವ 12 ಮಿ.ಮೀ. ದಂಡವೇ ಈ ಕೆಲಸದ ಜೀವ, ಮುಖ ಆಕ್ಸಲ್‌ಗೆ ಸಮ ಆಗುವುದು ಅದರಿಂದ. ಲಿವರ್ ಒತ್ತಿ ಬೋಲ್ಟ್ ಬಿಗಿದು ಅದನ್ನೇ ಫೇಸಿಂಗ್ ಅಂತ ಬಿಲ್ ಮಾಡುವ ಅಂಗಡಿಗಳೂ ಊರಲ್ಲಿ ಇವೆ. ಇನ್ನು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಿಲ್ಲಿಂಗ್ ಮಷೀನ್ ಇರುವ ಪರಿಚಯದವರು ಒಬ್ಬರಾದರೂ ನಮ್ಮವರಿಗೆ ಇದ್ದೇ ಇರುತ್ತಾರೆ. ಆ ಆಸೆ ಬೇಡ. ವೈಸಿನಲ್ಲಿ ಕಾರ್ಬನ್ ಟ್ಯೂಬ್ ಹಿಡಿದರೆ ನುಚ್ಚಾಗಬಹುದು, ಆಕ್ಸಲ್ ಆಧಾರವಂತೂ ಅಲ್ಲಿ ಸಿಗದು.

ಮೌಂಟಿನಲ್ಲಿ ಅಲ್ಯೂಮಿನಿಯಂ ತುಂಡು ಕೂರಿಸಿದ್ದರೆ ಮಾತ್ರ ಫೇಸಿಂಗ್ ಧೈರ್ಯವಾಗಿ ಮಾಡಿಸಬಹುದು. ಅದಕ್ಕೂ ಮುಂಚೆ ಫ್ರೇಮ್ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ವಾರಂಟಿ ಹೋದರೆ ಯಾರೂ ಕೊಡಿಸುವುದಿಲ್ಲ. ಕಟ್ಟರನ್ನು ಮೆಲ್ಲಗೆ ನಾಲ್ಕೈದು ಸುತ್ತು ತಿರುಗಿಸಿ, ತೆಗೆದು, ನೋಡಿ, ಮತ್ತೆ ತಿರುಗಿಸಬೇಕು. ಲೋಹ ಎಲ್ಲ ಕಡೆ ಬೆಳ್ಳಗೆ ಹೊಳೆದ ಕ್ಷಣ ಕೆಲಸ ಮುಗಿಯಿತು, ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಒಳಗೇ ಮುಗಿಯುತ್ತದೆ. ಕಟಿಂಗ್ ಆಯಿಲ್ ಬೇಡ, ಅದು ಎಲ್ಲಿಗೆ ಹರಿದು ಹೋಗುತ್ತದೆ ಅಂತ ಹೇಳಲಾಗದು. ಬರೀ ಕಾರ್ಬನ್ ಮುಖವಾದರೆ ಕತ್ತರಿಸುವುದು ನಾರುಗಳನ್ನೇ. ಹೊಸ ಫ್ರೇಮ್ ಆದರೆ ಫೀಲರ್ ಎಲೆ ತೂರಿದ ಫೋಟೊ ತೆಗೆದು ಮಾರಿದವರಿಗೆ ಕಳಿಸಿ, ಬದಲಿ ಕೇಳಿ. 0.1 ಮಿ.ಮೀ. ಹಿತ್ತಾಳೆ ಶಿಮ್ (ತೆಳು ತಗಡು) ಕತ್ತರಿಸಿ ತಗ್ಗಿದ ಅಂಚಿನ ಕೆಳಗೆ ಇಡುವ ಉಪಾಯ ಬದಲಿ ಫ್ರೇಮ್ ಬರುವವರೆಗೆ ನಡೆಯುತ್ತದೆ. ಅದನ್ನೇ ಕಾಯಂ ಮಾಡಿಕೊಂಡರೆ ಎಲ್ಲ ಒತ್ತಡ ಒಂದೇ ಗೆರೆಯ ಮೇಲೆ ಬೀಳುತ್ತದೆ.

ಹಳೆಯ ಬೈಕಿನಲ್ಲಿ ವಾಲಿಕೆ ಇದೆಯೇ ಅಂತ ತಿಳಿಯಲು ಪ್ಯಾಡೇ ಸಾಕ್ಷಿ. ತೆಗೆದು ವರ್ನಿಯರಿನಲ್ಲಿ ಮೇಲ್ತುದಿ, ಕೆಳತುದಿ ಅಳೆಯಿರಿ. ವ್ಯತ್ಯಾಸ 0.3 ಮಿ.ಮೀ. ದಾಟಿದ್ದರೆ ಪ್ಯಾಡ್ ಬೆಣೆಯ ಆಕಾರಕ್ಕೆ ಸವೆದಿದೆ. ಇಂಥ ಬ್ರೇಕಿನ ಲಿವರ್ ಮೆತ್ತಗಿರುತ್ತದೆ, ಯಾಕೆಂದರೆ ಒತ್ತಿದಾಗ ಪ್ಯಾಡ್ ಮೊದಲು ನೇರವಾಗಿ, ಆಮೇಲೆ ಕಚ್ಚುತ್ತದೆ. ಗಾಳಿ ಸೇರಿದೆ ಅಂದುಕೊಂಡು ಬ್ಲೀಡ್ (ಆಯಿಲಿನಿಂದ ಗಾಳಿ ತೆಗೆಯುವ ಕೆಲಸ) ಮೇಲೆ ಬ್ಲೀಡ್ ಮಾಡಿಸುತ್ತಾರೆ, ಲಿವರ್ ಮಾತ್ರ ಹಾಗೇ ಇರುತ್ತದೆ. ಸುತ್ತಿಗೊಮ್ಮೆ ಮಾತ್ರ ಸದ್ದು ಬಂದರೆ ಅದು ರೋಟರ್ ಸೊಟ್ಟ, ಕ್ಯಾಲಿಪರಿನ ತಪ್ಪಲ್ಲ. ರೋಟರಿನ ದಪ್ಪ ಹೊಸದರಲ್ಲಿ 1.8 ಮಿ.ಮೀ., ಶಿಮಾನೋದ್ದು 1.5ಕ್ಕೆ ಬಂದರೆ ನೇರ ಮಾಡುವ ಗೋಜಿಗೆ ಹೋಗದೆ ಬದಲಿಸಿ. ಸಿಂಹಗಡದ ಘಟ್ಟ ಇಳಿದು ಬಂದ ತಕ್ಷಣ ಯಾವುದನ್ನೂ ಅಳೆಯಬೇಡಿ. ಬಿಸಿ ರೋಟರ್ ತಾತ್ಕಾಲಿಕವಾಗಿ ಬಾಗಿರುತ್ತದೆ, ತಣ್ಣಗಾದ ಮೇಲೆ ತಾನೇ ಸರಿಹೋಗುವುದೂ ಉಂಟು.

ಒಂದೇ ಬೈಕ್ ಇರುವವರಿಗೆ, ಅದೂ ಫ್ರೇಮ್ ಸರಿಯಿದ್ದರೆ, ಹೇಯ್ಸ್ ಎಲೆ ಇಲ್ಲದೆಯೂ ನಡೆಯುತ್ತದೆ. ಟಾರ್ಚ್, ಬಿಳಿ ಕಾಗದ, ತಾಳ್ಮೆ ಇದ್ದರೆ ಕಣ್ಣಳತೆಯಲ್ಲೇ ನಡುವಿಗೆ ತರಬಹುದು. ಗೆಳೆಯರ ಬೈಕುಗಳನ್ನೂ ನೋಡಿಕೊಳ್ಳುವವರು, ವರ್ಷಕ್ಕೆ ಎರಡು ಮೂರು ಫ್ರೇಮ್ ಜೋಡಿಸುವವರು ಕಣ್ಣು ಮುಚ್ಚಿ ಕೊಳ್ಳಿ. ಬೋಹ್ರಿ ಆಳಿಯ ಕಟ್ಟು ಮಾತ್ರ ಇಬ್ಬರಿಗೂ ಬೇಕು.