ಮೈನ್‌ಲ್ಯಾಬ್ ಇಕ್ವಿನಾಕ್ಸ್ 800: ಕಾರವಾರದ ಉಪ್ಪುನೀರಿನಲ್ಲಿ ಬಳಸಿದ ಮೇಲೆ

ಈ ಲೋಹಶೋಧಕವನ್ನು 3 ಮೀಟರ್ ಆಳದ ನೀರಿನವರೆಗೆ ಬಳಸಬಹುದು ಎಂದು ಕಂಪನಿ ಹೇಳುತ್ತದೆ. ಅದು ಯಂತ್ರ ತಾಳಿಕೊಳ್ಳುವ ಆಳ. ನಮ್ಮ ಕರಾವಳಿಯಲ್ಲಿ ಅದನ್ನು ಹಿಡಿದವನು ಇಳಿಯಬಹುದಾದದ್ದು ಸೊಂಟದವರೆಗೆ ಮಾತ್ರ, ಅದೂ ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ. ಕೊಳ್ಳಬೇಕೆಂದು ವಿಚಾರಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಯಂತ್ರದ ಬಗ್ಗೆ ದೂರಿಲ್ಲ. ಲೋಹದಂತೆ ಉಪ್ಪುನೀರಿನಲ್ಲೂ ವಿದ್ಯುತ್ ಹರಿಯುವುದರಿಂದ ಒಂದೇ ಆವರ್ತನದ ಶೋಧಕಗಳು ಒದ್ದೆ ಮರಳಿಗೆ ಬಂದೊಡನೆ ಏನೂ ಇಲ್ಲದಿದ್ದರೂ ಕೂಗತೊಡಗುತ್ತವೆ. ಇಕ್ವಿನಾಕ್ಸ್ ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವುದರಿಂದ ಟ್ಯಾಗೋರ್ ಕಡಲತೀರದ ನೊರೆಯಲ್ಲೂ ಸಾಕಷ್ಟು ಸ್ಥಿರವಾಗಿರುತ್ತದೆ. ನೀರಿನೊಳಗೆ ಯಂತ್ರವನ್ನು ಅದರಲ್ಲಿರುವ ‘ಬೀಚ್ 2’ ವಿಧಾನದಲ್ಲೇ ಇಡಿ. ಸುಳ್ಳು ಸದ್ದು ಕಡಿಮೆಯಾದಷ್ಟೂ ಕಣ್ಣು ಅಲೆಗಳ ಮೇಲಿರುತ್ತದೆ. ಸುರಕ್ಷತೆಯ ಲೆಕ್ಕದಲ್ಲಿ ಇದರ ದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ.

ಜೊತೆಗೆ ಬರುವ ನಿಸ್ತಂತು ಹೆಡ್‌ಫೋನ್ ನೀರಿಗೆ ಹೇಳಿದ್ದಲ್ಲ. ಜಲನಿರೋಧಕ ಹೆಡ್‌ಫೋನ್ ಪ್ರತ್ಯೇಕವಾಗಿ ಸಿಗುತ್ತದೆ, ನಾನು ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ತಲೆ ತಗ್ಗಿಸಿ ಮರಳು ನೋಡುವವನು ಎದುರಿನ ಅಲೆಗೆ ಅರ್ಧ ಕುರುಡ. ಕಿವಿಯನ್ನೂ ಮುಚ್ಚಿಕೊಂಡರೆ ದಡದಿಂದ ಕೂಗಿದವರ ದನಿ ಕೇಳುವುದೇ ಇಲ್ಲ. ಸೊಂಟದ ನೀರಿನಲ್ಲಿ ನಿಯಂತ್ರಣ ಪೆಟ್ಟಿಗೆ ನೀರಿನ ಮೇಲೇ ಇರುವುದರಿಂದ ಅದರದೇ ಸ್ಪೀಕರ್ ಸಾಕು.

ಕೋಲಿನ ತುದಿಯಲ್ಲಿ ಲೋಹ ಹುಡುಕುವ 11 ಇಂಚಿನ ತಟ್ಟೆಯನ್ನು ಅಲೆ ಬಲವಾಗಿ ತಳ್ಳುತ್ತದೆ. ಹಾಗೆಂದು ತೋಳಿನ ಪಟ್ಟಿಯನ್ನು ಬಿಗಿದು ಕಟ್ಟಬೇಡಿ. ಯಂತ್ರ ತೇಲಿಹೋಗಬಾರದೆಂದು ಕೆಲವರು ಅದನ್ನು ಮಣಿಕಟ್ಟಿಗೆ ಗಂಟು ಹಾಕಿಕೊಳ್ಳುತ್ತಾರೆ. ಕಾಲು ಜಾರಿದಾಗ ಆ ಗಂಟೇ ಮನುಷ್ಯನನ್ನು ಎಳೆಯುತ್ತದೆ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬಕಲ್ ಇರುವ ಪಟ್ಟಿಯನ್ನು ಹಾಕಿಸಿಕೊಳ್ಳಿ. ಮೇಲಿನಿಂದ ತೆಳುವಾದ ಲೈಫ್ ಜಾಕೆಟ್ ಧರಿಸಿ. ಈಜು ಬರುತ್ತದೆ ಎನ್ನುವವರೂ ಧರಿಸಬೇಕು. ಯಂತ್ರ ಹೋದರೆ ಹೋಗಲಿ.

ಇನ್ನು ಕಡಲಿನ ವಿಷಯ. ಹುಡುಕುವವರಿಗೆಲ್ಲ ಇಳಿತವೇ ಇಷ್ಟ, ಹೆಚ್ಚು ಮರಳು ಹೊರಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಇನ್ನೂ ದೂರ ಸರಿಯುತ್ತದೆ. ಆದರೆ ಆ ನೀರು ಹೋಗುವುದು ಹೊರಗಡೆಗೆ. ಕಾಳಿ ನದಿ ಕಡಲು ಸೇರುವಲ್ಲಿ ಇಳಿತದ ಸಮಯಕ್ಕೆ ನದಿಯ ಹರಿವೂ ಕಡಲಿನ ಎಳೆತವೂ ಒಂದೇ ದಿಕ್ಕಿಗೆ ಸೇರುತ್ತವೆ. ಅಳಿವೆಯ ಹತ್ತಿರ ಮೊಣಕಾಲಿನ ನೀರಿಗೂ ನಾನು ಇಳಿಯುವುದಿಲ್ಲ. ಬಯಲು ತೀರದಲ್ಲೂ ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ ಕಂಡರೆ, ಹೊಸಬರು ಅದನ್ನೇ ಸುರಕ್ಷಿತ ಜಾಗ ಎಂದುಕೊಳ್ಳುತ್ತಾರೆ. ಸೆಳೆತ ಇರುವುದು ಅಲ್ಲಿಯೇ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡದೆ ತೀರಕ್ಕೆ ಸಮಾನಾಂತರವಾಗಿ ಈಜಿ, ಸೆಳೆತ ಸಡಿಲವಾದ ಮೇಲೆ ಒಳಗೆ ಬರಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಲ್ಲ ಎಂಬುದನ್ನು ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಯಂತ್ರವನ್ನು ನೀರಿಗೆ ಒಯ್ಯುವ ಮಾತೇ ಬೇಡ. ಉಳಿದ ದಿನಗಳಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಎಚ್ಚರಿಕೆಯನ್ನು ನೋಡಿಯೇ ಹೊರಡಿ.

ಕೈಕಾಲಿನ ಗಾಯಗಳೂ ಕಡಿಮೆಯಲ್ಲ. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಮರಳಿನಲ್ಲಿ ಹುದುಗಿರುತ್ತದೆ; ಹೆಜ್ಜೆ ಎತ್ತಿ ಇಡದೆ ಪಾದ ಎಳೆಯುತ್ತಾ ನಡೆದರೆ ಅದು ತಾನೇ ಸರಿದುಹೋಗುತ್ತದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಪಾದ ಇಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ದಪ್ಪ ಅಡಿಯ ಬೂಟು ಇಲ್ಲದೆ ಇಳಿಯಲೇಬೇಡಿ. ಯಂತ್ರದ ಮೇಲೆ ಕುದುರೆ ಲಾಳದ ಚಿಹ್ನೆಯ ಬಟನ್ ಒಂದಿದೆ, ಒತ್ತಿದರೆ ಕಬ್ಬಿಣದ ಸದ್ದೂ ಕೇಳಿಸುತ್ತದೆ. ದಡದಲ್ಲಿ ಅದು ಕಿರಿಕಿರಿ. ನೀರಿನಲ್ಲಿ ನಾನು ಅದನ್ನು ಯಾವಾಗಲೂ ಚಾಲೂ ಇಡುತ್ತೇನೆ, ಏಕೆಂದರೆ ಮೀನುಗಾರರ ಗಾಳ, ದೋಣಿಯ ಮೊಳೆ ಇರುವುದು ಮೊದಲೇ ತಿಳಿಯುತ್ತದೆ. ಗುಂಡಿಯೊಳಗೆ ಬರಿಗೈ ಹಾಕದೆ ಉದ್ದ ಹಿಡಿಯ ಜರಡಿ ಸಲಿಕೆಯಿಂದ ಮರಳು ಎತ್ತಬೇಕು. ತೋಡಿದ ಗುಂಡಿಯನ್ನು ಕಾಲಿನಿಂದ ಮುಚ್ಚಿಬಿಡಿ, ನಿಮ್ಮ ಹಿಂದೆಯೇ ಮಕ್ಕಳು ಸ್ನಾನಕ್ಕೆ ಬರುತ್ತಾರೆ.

ಅಗ್ಗದ ಸಲಿಕೆಯೊಂದರ ಬೆಸುಗೆ ತುಕ್ಕು ಹಿಡಿದು ಬಿಟ್ಟುಕೊಂಡಿತು. ಸ್ಟೇನ್‌ಲೆಸ್ ಸ್ಟೀಲಿನದಕ್ಕೇ ದುಡ್ಡು ಹಾಕಿ. ಮನೆಗೆ ಬಂದ ಕೂಡಲೇ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಚಾರ್ಜ್ ಮಾಡುವ ಬಿಂದುಗಳನ್ನು ಪೂರ್ತಿ ಒರೆಸಿ ಒಣಗಿಸದೆ ತಂತಿ ಹಚ್ಚಬೇಡಿ.

ಜಾಗದ ಆಯ್ಕೆಯಲ್ಲಿ ಎರಡು ಮಾತು. ಅರಗಾ ಕಡೆಯ ನೌಕಾನೆಲೆಯ ಸುತ್ತ ಲೋಹಶೋಧಕ ಹಿಡಿದು ಸುಳಿಯಲೇಬೇಡಿ. ಬೇರೆಡೆಯೂ ಪೊಲೀಸರಿಗೆ ತಿಳಿಸಿ, ಅನುಮತಿ ಪಡೆದು ಇಳಿಯುವುದು ಒಳ್ಳೆಯದು. ಮಾಜಾಳಿಯಿಂದ ಗುಡ್ಡ ದಾಟಿ ಹೋಗುವ ತಿಳಮಾತಿ ಕಡಲತೀರದ ಎಳ್ಳಿನಂಥ ಕಪ್ಪು ಮರಳು ಎಷ್ಟೇ ಕರೆದರೂ ಅಲ್ಲಿ ಒಬ್ಬರೇ ನೀರಿಗಿಳಿಯಬಾರದು, ಕೂಗಿದರೆ ಕೇಳುವವರಿರುವುದಿಲ್ಲ. ಎಲ್ಲಿಗೆ ಹೋದರೂ ದಡದಲ್ಲಿ ನಿಮ್ಮನ್ನೇ ನೋಡುತ್ತಾ ಕೂರುವ ಒಬ್ಬರು ಬೇಕು. ತುರ್ತು ಸೇವೆಯ 112, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗಳು ಅವರ ಮೊಬೈಲಿನಲ್ಲಿರಲಿ. ಈಜು ಬಾರದವರು, ಜೊತೆಗೆ ಬರುವವರು ಯಾರೂ ಇಲ್ಲದವರು ಇದೇ ಯಂತ್ರವನ್ನು ‘ಬೀಚ್ 1’ರಲ್ಲಿಟ್ಟು ಒಣ ಮರಳಿನಲ್ಲೇ ಬಳಸಲಿ, ಸಂಜೆ ಜನ ಕೂತೆದ್ದ ಜಾಗದಲ್ಲಿ ನಾಣ್ಯ, ಕಿವಿಯೋಲೆ ಅಲ್ಲಿಯೂ ಸಿಗುತ್ತವೆ.