ಟ್ರಿನಿಟಿ ಬಳಿಯ ಕಾರ್ಟೂನ್ ಗ್ಯಾಲರಿ: ಚಿತ್ರ ಬರೆಯುವ ಮಕ್ಕಳನ್ನು ಕರೆದೊಯ್ಯಬೇಕಾದ ಜಾಗ

ಬೆಂಗಳೂರಿನ ಎಂ.ಜಿ. ರಸ್ತೆಯ ಗದ್ದಲದಿಂದ ತುಸು ಒಳಗೆ, ಟ್ರಿನಿಟಿ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದಾದ ಮಿಡ್‌ಫೋರ್ಡ್ ಹೌಸ್‌ನಲ್ಲಿ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯು 2007ರಲ್ಲಿ ಆರಂಭಿಸಿದ ಕಾರ್ಟೂನ್ ಗ್ಯಾಲರಿ ಇದೆ. ಪ್ರವೇಶ ಉಚಿತ. ಚಿತ್ರ ಬರೆಯುವ ಹುಚ್ಚು ಹಿಡಿಸಿಕೊಂಡಿರುವ 14 ವರ್ಷದ ಅಕ್ಕನ ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆ.

ಅವಳು ಹೋಗುತ್ತಿದ್ದ ಚಿತ್ರಕಲಾ ತರಗತಿಯಲ್ಲಿ ಎರಡು ಗುಡ್ಡಗಳ ನಡುವೆ ಸೂರ್ಯನನ್ನು ಹುಟ್ಟಿಸುವುದನ್ನೂ ಕ್ಯಾಲೆಂಡರಿನ ದೇವರಿಗೆ ಬಣ್ಣ ತುಂಬುವುದನ್ನೂ ಕಲಿಸಿದ್ದರೇ ಹೊರತು, ಎದುರಿಗಿರುವ ಮನುಷ್ಯನ ಮುಖವನ್ನು ನೋಡಿ ಬರೆಯುವುದನ್ನಲ್ಲ. ಗೆರೆ ತಪ್ಪಿದರೆ ಹಾಳೆಯನ್ನೇ ಹರಿದು ಹಾಕುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು.

ಆದ್ದರಿಂದಲೇ ಗ್ಯಾಲರಿಯ ಗೋಡೆಯ ಮೇಲಿದ್ದ ಒಂದು ಮೂಲಚಿತ್ರದ ಮುಂದೆ ಅವಳು ಬಹಳ ಹೊತ್ತು ನಿಂತಳು. ರಾಜಕಾರಣಿಯ ಪಂಚೆಯ ನೆರಿಗೆಯು ಕುಂಚದ ಒಂದೇ ಎಳೆತದಲ್ಲಿ ದಪ್ಪದಿಂದ ತೆಳುವಿಗೆ ಇಳಿದಿತ್ತು. ಆದರೆ ಅವನ ಚಾಚಿದ ಬೆರಳನ್ನು ಮಾತ್ರ ಬಿಳಿ ಬಣ್ಣದಿಂದ ಮುಚ್ಚಿ, ಒಣಗಿದ ಮೇಲೆ ಮತ್ತೆ ಬರೆದ ಗುರುತು ಉಬ್ಬಿಕೊಂಡು ಕಾಣುತ್ತಿತ್ತು. "ಮಾಮ, ಇಲ್ಲಿ ವೈಟ್ನರ್ ಹಚ್ಚಿದ್ದಾರೆ ನೋಡು" ಎಂದಳು. ಪತ್ರಿಕೆಯ ಅಚ್ಚಿನಲ್ಲಿ ಈ ತೇಪೆಯಾಗಲಿ, ಅಡಿಯಲ್ಲಿರುವ ಪೆನ್ಸಿಲಿನ ಕಚ್ಚಾ ಗೆರೆಯಾಗಲಿ ನಮಗೆ ಕಾಣುವುದೇ ಇಲ್ಲ. ಮೂಲಚಿತ್ರವನ್ನು ನೋಡುವುದರ ಲಾಭ ಇಷ್ಟೇ, ಮತ್ತು ಕಲಿಯುವವರಿಗೆ ಅದು ಸಣ್ಣದಲ್ಲ: ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾದ ಚಿತ್ರವನ್ನು ಹರಿದು ಹಾಕುವಂತಿಲ್ಲ, ತಿದ್ದಬೇಕು.

ಅಲ್ಲಿಯೇ ಕುಳಿತು ಅವಳಿಗೆ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಥೆಯನ್ನು ಹೇಳಿದೆ. ಮೈಸೂರಿನ ಹುಡುಗನಾಗಿದ್ದಾಗ ಅವರು ಪತ್ರಿಕೆಯಲ್ಲಿ ಬರುತ್ತಿದ್ದ, ಬ್ರಿಟನ್ನಿನ ಹೆಸರಾಂತ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳಿಗೆ ಮರುಳಾಗಿದ್ದರು. ಸಹಿಯನ್ನು ಮಾತ್ರ ಬಹಳ ಕಾಲ 'ಲೋ' (Low) ಎಂದಲ್ಲ, 'ಕೌ' (Cow, ಅಂದರೆ ಹಸು) ಎಂದು ಓದಿಕೊಂಡಿದ್ದರು. (ಇದಕ್ಕೆ ಅವಳು ನಕ್ಕಷ್ಟು ಯಾವ ಕಾರ್ಟೂನಿಗೂ ನಗಲಿಲ್ಲ.) ಮುಂಬಯಿಯ ಜೆ.ಜೆ. ಕಲಾಶಾಲೆಯು ಪ್ರವೇಶ ನಿರಾಕರಿಸಿದಾಗ ಅವರು ಮಹಾರಾಜಾ ಕಾಲೇಜಿನಲ್ಲಿ ಓದು ಮುಂದುವರಿಸಿ, ರಾ.ಶಿ. ಅವರ ಹಾಸ್ಯ ಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದರು. ಅವರಿಗೆ ಗುರುವಾದದ್ದು ದಿನಪತ್ರಿಕೆ ಮತ್ತು ಮನೆಯಂಗಳದ ಕಾಗೆಗಳು.

ಗ್ಯಾಲರಿಯನ್ನು ಆರಂಭಿಸಿದ ಸಂಸ್ಥೆಯು ಮಾಯಾ ಕಾಮತ್ ಅವರ ನೆನಪಿನಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳಿಗೆ ಪ್ರಶಸ್ತಿ ನೀಡುತ್ತಾ ಬಂದಿದೆ. ಗಂಡಸರೇ ತುಂಬಿಕೊಂಡಿದ್ದ ಈ ವೃತ್ತಿಯಲ್ಲಿ ಬೆಂಗಳೂರಿನಲ್ಲಿದ್ದುಕೊಂಡೇ ಸಂಪಾದಕೀಯ ವ್ಯಂಗ್ಯಚಿತ್ರಗಳನ್ನು ಬರೆದು, 2001ರಲ್ಲಿ ತೀರಿಕೊಂಡ ಅವರ ಹೆಸರನ್ನು ನಮ್ಮ ಹುಡುಗಿ ಅಂದೇ ಮೊದಲು ಕೇಳಿದ್ದು. ಮೊಬೈಲಿನಲ್ಲಿ ಹುಡುಕಿ, ಸಿಕ್ಕಿದ ಚಿತ್ರಗಳನ್ನೆಲ್ಲ ದಾರಿಯುದ್ದಕ್ಕೂ ನೋಡುತ್ತಾ ಬಂದಳು.

ಒಂದು ಸಂಗತಿಯನ್ನು ಹೇಳಲೇಬೇಕು. ಸಂಪಾದಕೀಯ ವ್ಯಂಗ್ಯಚಿತ್ರವು ಆಯಾ ದಿನದ ಸುದ್ದಿಯನ್ನು ನೆಚ್ಚಿಕೊಂಡಿರುವುದರಿಂದ, ಹಳೆಯ ಚಿತ್ರಗಳ ಕುಟುಕು ಈಗಿನ ಮಕ್ಕಳಿಗೆ ತಾನಾಗಿ ತಾಗುವುದಿಲ್ಲ. ತುರ್ತು ಪರಿಸ್ಥಿತಿಯೆಂದರೇನು ಎಂದು ತಿಳಿಯದವರಿಗೆ ಆ ಕಾಲದ ಚಿತ್ರ ಬರೀ ದಪ್ಪ ಮೂಗಿನ ಮನುಷ್ಯನಾಗಿ ಉಳಿಯುತ್ತದೆ. ಹಾಗಾಗಿ ಪತ್ರಿಕೆ ಓದುವ ಹಿರಿಯರೊಬ್ಬರು ಜೊತೆಗಿರುವುದು ಒಳ್ಳೆಯದು. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಭಾನುವಾರ ಬಾಗಿಲು ಮುಚ್ಚಿರುವ ಕಾರಣ ಶನಿವಾರ ಬೆಳಿಗ್ಗೆ ಹೋಗುವುದು ಅನುಕೂಲ. ಚೀಲದಲ್ಲಿ ಒಂದು ನೋಟ್‌ಬುಕ್ಕೂ ಪೆನ್ಸಿಲೂ ಇರಲಿ. ನಾವು ಅದನ್ನು ಮರೆತು, ಕೊನೆಗೆ ನನ್ನ ಕರೆಂಟ್ ಬಿಲ್ಲಿನ ಹಿಂಬದಿಯನ್ನು ಕೊಡಬೇಕಾಯಿತು.