ಸಂಶೋಧಕರ ಜೊತೆ ನಕ್ಷೆಯೋ, ಊರವರೇ ಲೆಕ್ಕ ಓದುವುದೋ?

ನಿಮ್ಮೂರಿನ ಸಂಘ ಊರಿನ ಹಕ್ಕು, ಲೆಕ್ಕಗಳ ಅಧ್ಯಯನಕ್ಕೆ ಕೈಹಾಕಬೇಕು ಅಂತಿದ್ದರೆ, ಈ ಎರಡು ದಾರಿ ನೋಡಿ.

ಒಂದು, ಬಿಳಿಗಿರಿರಂಗನ ಬೆಟ್ಟದ್ದು. ಅಲ್ಲಿನ ಆದಿವಾಸಿಗಳಾದ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಹೀಗೆ ಒಂದೊಂದು ಕುಲದ ಎಲ್ಲೆಯೊಳಗೂ ಬಗೆಬಗೆಯ ತಾಣಗಳಿವೆ. ಹಿರಿಯರ ಬಾಯಲ್ಲಷ್ಟೇ ಇದ್ದ ಹೆಸರುಗಳು ಕಾಗದಕ್ಕೆ ಬಂದವು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು ಸೋಲಿಗರ ಸಂಘಗಳ ವರ್ಷಗಟ್ಟಲೆ ಹೋರಾಟದಿಂದ. ಆದರೆ ಇಂಥ ನಕ್ಷೆ ಕೈಯಲ್ಲಿದ್ದರೆ ಮಾತಿಗೆ ತೂಕ ಜಾಸ್ತಿ, ಅಲ್ವಾ?

ಇನ್ನೊಂದು, ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯದ್ದು. 1994ರಿಂದ ಅವರು ಊರಿನ ನಡುವೆ ಜನ ಸೇರಿಸಿ ಸರ್ಕಾರಿ ಕಾಮಗಾರಿಗಳ ಕೂಲಿಯ ಹಾಜರಿ ಪಟ್ಟಿ ಗಟ್ಟಿಯಾಗಿ ಓದಿಸಿದರು. ‘ನಾನು ಆ ಕೆಲಸಕ್ಕೆ ಹೋಗೇ ಇಲ್ಲ’ ಅಂತ ಪಟ್ಟಿಯಲ್ಲಿ ಹೆಸರಿದ್ದ ಯಾರೋ ಅಲ್ಲೇ ಎದ್ದು ನಿಂತರೆ ಸುಳ್ಳು ಬಯಲು. 2005ರ ಮಾಹಿತಿ ಹಕ್ಕು ಕಾಯ್ದೆಗೆ ಈ ಚಳವಳಿಯೂ ಕಾರಣ.

ಭೂಮಿ, ಕಾಡು, ನೀರಿನ ಹಕ್ಕಾದರೆ ಮೊದಲನೆಯದೇ ಸರಿ. ಕೂಲಿ, ರೇಷನ್, ರಸ್ತೆಯ ಲೆಕ್ಕಕ್ಕೆ ನನ್ನ ಒಲವು ಎರಡನೆಯದರ ಕಡೆ. ಖರ್ಚು ಕಡಿಮೆ, ಧೈರ್ಯ ಜಾಸ್ತಿ ಬೇಕು. ಹೊರಗಿನವರ ಜೊತೆ ಕೈಜೋಡಿಸುವುದಾದರೆ, ಮಾಹಿತಿಯ ಒಂದು ಪ್ರತಿ ಕನ್ನಡದಲ್ಲೇ ಊರಿಗೆ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ.